ಹೊರಡುವ ಮುನ್ನ ಕಲಿತದ್ದು, ಬಂದ ಮೇಲೆ ಕಲಿತದ್ದು

ಕನ್ನಡದ ಹಳೆಯ ಪದವೊಂದರ ಅರ್ಥ ಹೊಳೆಯದಿದ್ದಾಗ ‘ಕಿಟೆಲ್ ನೋಡಿ’ ಎನ್ನುವುದು ಕನ್ನಡ ಮೇಷ್ಟರುಗಳ ರೂಢಿಯ ಮಾತು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಆ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ನೂರು ವರ್ಷ ದಾಟಿ ಎಷ್ಟೋ ಕಾಲವಾದರೂ ಅದರ ಬೆಲೆ ಕುಂದಿಲ್ಲ. ಆದರೆ ಫರ್ಡಿನೆಂಡ್ ಕಿಟೆಲ್ ನಿಘಂಟು ಬರೆಯಬೇಕೆಂದು ಹಡಗು ಹತ್ತಿದವರಲ್ಲ. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅವರು ಭಾರತಕ್ಕೆ ಬಂದದ್ದು ಕ್ರೈಸ್ತ ಧರ್ಮದ ಪ್ರಚಾರಕ್ಕೆ. ಆ ಕೆಲಸಕ್ಕೆಂದೇ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಅವರಿಗೆ ಮೂರು ವರ್ಷ ತರಬೇತಿ ನೀಡಲಾಗಿತ್ತು.

ಗುರುತು ಪರಿಚಯವಿಲ್ಲದ ದೇಶಕ್ಕೆ ಹೋಗಿ, ಅಲ್ಲಿನ ಜನ ಕೇಳದೇ ಇದ್ದ ಮಾತೊಂದನ್ನು ಅವರಿಗೆ ಹೇಳಲು ಒಬ್ಬ ಯುವಕನನ್ನು ಹೇಗೆ ಸಿದ್ಧಗೊಳಿಸುತ್ತಾರೆ? ಆ ಸಿದ್ಧತೆಯಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ? ಅದಕ್ಕೆ ಮನೆಯವರು ತೆತ್ತ ಬೆಲೆ ಏನು? ಹೊರದೇಶದ ಓದು, ಉದ್ಯೋಗಗಳ ಕನಸು ಮನೆಮನೆಗೂ ಬಂದಿರುವ ಈ ದಿನಗಳಲ್ಲಿ ಬಾಸೆಲ್ ಮಿಷನ್ನಿನ ಕಥೆಯನ್ನು ಈ ಕಣ್ಣಿನಿಂದ ನೋಡಿದರೆ ತಿಳಿಯುವ ಸಂಗತಿಗಳು ಹಲವು.

ರೈತರ, ಕುಶಲಕರ್ಮಿಗಳ ಮಕ್ಕಳು

ಬಾಸೆಲ್ ಮಿಷನ್ ಸ್ಥಾಪನೆಯಾದದ್ದು 1815ರಲ್ಲಿ. ಮರುವರ್ಷವೇ ಅದರ ತರಬೇತಿ ಶಾಲೆ ಆರಂಭವಾಯಿತು. ಅಲ್ಲಿ ತಯಾರಾದವರನ್ನು ಮೊದಲ ಕೆಲವು ವರ್ಷ ಇಂಗ್ಲೆಂಡ್ ಮತ್ತು ಹಾಲೆಂಡಿನ ಮಿಷನ್‌ಗಳಿಗೆ ಒದಗಿಸಲಾಗುತ್ತಿತ್ತು. ಸ್ವಂತ ಹೆಸರಿನಲ್ಲಿ ಮಿಷನರಿಗಳನ್ನು ಕಳುಹಿಸತೊಡಗಿದ್ದು ಅನಂತರ.

ಶಾಲೆಗೆ ಸೇರಿದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಹುಡುಗರು. ರೈತರ ಮಕ್ಕಳು, ನೇಕಾರರು, ಬಡಗಿಗಳು, ಚಮ್ಮಾರಿಕೆ ಕಲಿತವರು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವುದು ಅಂಥವರ ಪಾಲಿಗೆ ಕನಸಿನ ಮಾತು. ದೇವರ ಕರೆ ಎಂಬ ನಂಬಿಕೆ ಅವರಲ್ಲಿ ಇದ್ದದ್ದು ನಿಜ. ಅದರ ಜೊತೆಗೆ ಭಕ್ತರ ಕಾಣಿಕೆಯಿಂದ ನಡೆಯುತ್ತಿದ್ದ ಆ ಶಾಲೆ ಬಡವರ ಮನೆಯ ಚುರುಕು ಹುಡುಗನಿಗೆ ಓದಿನ ಬಾಗಿಲನ್ನೂ ತೆರೆದಿತ್ತು. ಈ ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟ.

ಸೇರಬಯಸುವವನು ತನ್ನ ಜೀವನವೃತ್ತಾಂತವನ್ನು, ಮುಖ್ಯವಾಗಿ ಮನಸ್ಸು ಧರ್ಮದ ಕಡೆಗೆ ತಿರುಗಿದ ಬಗೆಯನ್ನು, ಸ್ವತಃ ಬರೆದು ಕಳುಹಿಸಬೇಕಿತ್ತು. ಆಯ್ಕೆಯಾದವನಿಗೆ ಬೈಬಲ್ ಅಧ್ಯಯನದ ಜೊತೆಗೆ ಲ್ಯಾಟಿನ್, ಗ್ರೀಕ್, ಹೀಬ್ರೂ, ಇಂಗ್ಲಿಷ್ ಪಾಠ. ಭೂಗೋಳವೂ ಇತ್ತು, ಕೈಕೆಲಸವೂ ಇತ್ತು. ಮರಗೆಲಸ, ತೋಟದ ಕೆಲಸಗಳಿಗೆ ಹೊತ್ತು ಮೀಸಲು. ಉಳಿ, ಗುದ್ದಲಿ ಹಿಡಿಯಬಲ್ಲವನು ಕಾಡಿನಲ್ಲೂ ಬದುಕಬಲ್ಲ ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಇವೆಲ್ಲಕ್ಕಿಂತ ಹೆಚ್ಚು ಒತ್ತು ಬಿದ್ದದ್ದು ವಿಧೇಯತೆಯ ಮೇಲೆ. ದಿನಚರಿ ಕಟ್ಟುನಿಟ್ಟು. ಒಬ್ಬರ ನಡತೆಯನ್ನು ಇನ್ನೊಬ್ಬರು ಗಮನಿಸುತ್ತಿರಬೇಕು, ತಪ್ಪು ಕಂಡರೆ ತಿದ್ದಬೇಕು, ತಿದ್ದಿಕೊಳ್ಳದಿದ್ದರೆ ಮೇಲಿನವರಿಗೆ ತಿಳಿಸಬೇಕು. ಯಾವ ದೇಶಕ್ಕೆ ಹೋಗಬೇಕೆಂಬುದನ್ನು ತೀರ್ಮಾನಿಸುವುದು ಕಮಿಟಿ. ಮದುವೆಗೂ ಕಮಿಟಿಯ ಒಪ್ಪಿಗೆ ಬೇಕು. ಮೊದಲು ಒಂಟಿಯಾಗಿ ಹೋಗಿ ಕೆಲವು ವರ್ಷ ಸೇವೆ ಮಾಡಿದ ಮೇಲಷ್ಟೇ ಮದುವೆಯ ಮಾತು. ಹಲವರ ವಿಷಯದಲ್ಲಿ ಹುಡುಗಿಯನ್ನು ಊರಿನಲ್ಲಿ ಗೊತ್ತುಮಾಡಿ ಹಡಗಿನಲ್ಲಿ ಕಳುಹಿಸಲಾಗುತ್ತಿತ್ತು.

ಸಾವಿನ ಲೆಕ್ಕ

ಇಷ್ಟೆಲ್ಲ ಕಲಿತು ಹೊರಟವನಿಗೆ ಆಯುಸ್ಸಿನ ಭರವಸೆ ಇರಲಿಲ್ಲ. 1828ರ ಕೊನೆಯಲ್ಲಿ ಬಾಸೆಲ್ಲಿನಿಂದ ನಾಲ್ವರು ಯುವಕರು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾಕ್ಕೆ ಬಂದಿಳಿದರು. ವರ್ಷ ತುಂಬುವ ಮುನ್ನ ಮೂವರು ತೀರಿಕೊಂಡರು. ನಾಲ್ಕನೆಯವರು 1831ರಲ್ಲಿ ಹೋದರು. 1832ರಲ್ಲಿ ಮತ್ತೆ ಮೂವರನ್ನು ಕಳುಹಿಸಲಾಯಿತು. ಈ ಬಾರಿ ಎಚ್ಚರಿಕೆಯಿಂದ ವೈದ್ಯರೊಬ್ಬರನ್ನೂ ಸೇರಿಸಲಾಗಿತ್ತು. ಮೊದಲು ಸತ್ತವರು ಆ ವೈದ್ಯರೇ. ಮೂವರಲ್ಲಿ ಉಳಿದವರು ಆಂಡ್ರಿಯಾಸ್ ರೀಸ್ ಒಬ್ಬರೇ.

ಮಲೇರಿಯ ಸೊಳ್ಳೆಯಿಂದ ಬರುತ್ತದೆ ಎಂಬುದು ಖಚಿತವಾದದ್ದು ಆ ಶತಮಾನದ ಕೊನೆಗೆ, ಭಾರತದಲ್ಲಿ ರೊನಾಲ್ಡ್ ರಾಸ್ 1897ರಲ್ಲಿ ನಡೆಸಿದ ಸಂಶೋಧನೆಯ ನಂತರ. ಅಲ್ಲಿಯವರೆಗೆ ಹೋದವರೆಲ್ಲ ಕಣ್ಣುಕಟ್ಟಿಕೊಂಡು ಹೋದವರೇ. ಮಗನನ್ನು ಬೀಳ್ಕೊಡುವ ತಂದೆ ತಾಯಿಗಳಿಗೆ ಅವನ ಮುಖವನ್ನು ಮತ್ತೆ ನೋಡುತ್ತೇವೆಂಬ ನಂಬಿಕೆ ಇರುತ್ತಿರಲಿಲ್ಲ. ಒಂದು ಪತ್ರ ಬರಲು ತಿಂಗಳುಗಳೇ ಬೇಕಿದ್ದ ಕಾಲ ಅದು.

ಮಂಗಳೂರಿನಲ್ಲಿ ಹೊಸ ಪಾಠ

ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು 1833ರಲ್ಲಿ ನವೀಕರಣಗೊಂಡಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ, ಅಂದರೆ 1834ರ ಅಕ್ಟೋಬರ್‌ನಲ್ಲಿ, ಬಾಸೆಲ್ ಮಿಷನ್ನಿನ ಮೊದಲ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಸ್ಯಾಮುವೆಲ್ ಹೆಬಿಕ್, ಕ್ರಿಸ್ಟೋಫ್ ಲೆಹ್ನರ್ ಮತ್ತು ಕ್ರಿಶ್ಚಿಯನ್ ಗ್ರೈನರ್.

ಅವರು ಬಾಸೆಲ್ಲಿನಲ್ಲಿ ಕಲಿತ ಗ್ರೀಕ್, ಹೀಬ್ರೂಗಳು ಮಂಗಳೂರಿನ ಬಂದರಿನಲ್ಲಿ ಒಂದು ತಂಬಿಗೆ ನೀರು ಕೇಳಲೂ ಸಾಲುತ್ತಿರಲಿಲ್ಲ. ಕಚೇರಿ ಮತ್ತು ಶಾಲೆಯಲ್ಲಿ ಕನ್ನಡ. ಗದ್ದೆಯಲ್ಲಿ, ಮನೆಯಂಗಳದಲ್ಲಿ ತುಳು. ಪೇಟೆಯಲ್ಲಿ ಕೊಂಕಣಿ. ಬಂದರಿನ ಕಡೆ ಬ್ಯಾರಿ ಮತ್ತು ಮಲಯಾಳ. ಯಾವ ಭಾಷೆಯಿಂದ ಆರಂಭಿಸಬೇಕು ಎನ್ನುವುದೇ ಮೊದಲ ಪ್ರಶ್ನೆ. ಆ ವೇಳೆಗೆ ಕನ್ನಡ ಕಲಿಯುವ ಪರದೇಶಿಯರಿಗೆ ಕೆಲವು ಸಲಕರಣೆಗಳಿದ್ದವು. ವಿಲಿಯಂ ಕೇರಿ 1817ರಲ್ಲಿ ಒಂದು ವ್ಯಾಕರಣ ಪ್ರಕಟಿಸಿದ್ದರು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟುಗಳನ್ನು ಹೊರತಂದಿದ್ದರು. ತುಳುವಿಗೆ ಇಂಥದ್ದೇನೂ ಇರಲಿಲ್ಲ.

ಒಂದೇ ಶಾಲೆಯಲ್ಲಿ ಕಲಿತು, ಒಂದೇ ಹಡಗಿನಲ್ಲಿ ಬಂದವರು ಇದನ್ನು ಎದುರಿಸಿದ ರೀತಿ ಬೇರೆ ಬೇರೆ. ಗ್ರೈನರ್ ತುಳುವಿನ ಬೆನ್ನು ಹತ್ತಿದರು. ಮತ್ತಾಯನ ಸುವಾರ್ತೆ 1842ರಲ್ಲಿ ತುಳುವಿನಲ್ಲಿ ಮುದ್ರಣವಾಯಿತು. ಕನ್ನಡ ಲಿಪಿಯಲ್ಲಿ ತುಳುವನ್ನು ಅಚ್ಚುಹಾಕುವ ರೂಢಿ ಬೆಳೆದದ್ದು ಬಾಸೆಲ್ ಮಿಷನ್ನಿನ ಈ ಕೆಲಸದಿಂದ. ಹೆಬಿಕ್‌ರದು ಇನ್ನೊಂದು ದಾರಿ. ದೇಹ, ದನಿ, ಧೈರ್ಯ ಮೂರರಲ್ಲೂ ಗಟ್ಟಿಗರಾದ ಅವರು 1841ರಲ್ಲಿ ಕಣ್ಣೂರಿಗೆ ಹೋದ ಮೇಲೆ ಜಾತ್ರೆಗಳಲ್ಲಿ ನಿಂತು ಭಾಷಣ ಮಾಡಿ ಹೆಸರಾದರು. ಆದರೆ ಮಲಯಾಳ ಅವರಿಗೆ ಒಲಿಯಲಿಲ್ಲ. ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾತನಾಡಬೇಕಾಯಿತು. ದುಭಾಷಿಯ ನೆರವಿನಿಂದ ಮಾತು ದಾಟಿಸಬಹುದು, ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು ಕಷ್ಟ.

ಶಿಷ್ಯರಾದ ಗುರುಗಳು

1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ ಉಳಿದವರಂತೆ ಕುಶಲಕರ್ಮಿಗಳ ಪೈಕಿಯಲ್ಲ. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರ ಓದಿದವರು. ಊರಿನಲ್ಲೇ ಪಾದ್ರಿಯಾಗಿ ನೆಮ್ಮದಿಯಿಂದ ಇರಬಹುದಿತ್ತು. ಕನ್ನಡ ಕಲಿತ ಅವರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು. ಕನ್ನಡದ ಮೊದಲ ಪತ್ರಿಕೆಯ ಆ ದಿನವನ್ನೇ ಇಂದು ಪತ್ರಿಕಾ ದಿನವೆಂದು ಆಚರಿಸಲಾಗುತ್ತಿದೆ. 1848ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅವರು ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚುಹಾಕಿಸಿದರು. ನಿವೃತ್ತ ಬ್ರಿಟಿಷ್ ಅಧಿಕಾರಿ ಕಾಸಮೇಜರ್ ಅದರ ಖರ್ಚು ವಹಿಸಿಕೊಂಡಿದ್ದರು. ತನ್ನ ಧರ್ಮವನ್ನು ಹರಡಲು ಬಂದವನು ವೀರಶೈವರ, ವೈಷ್ಣವರ ಗ್ರಂಥಗಳಿಗೆ ಪ್ರಕಾಶಕನಾಗುವುದು ವಿಚಿತ್ರವಾಗಿ ಕಾಣಬಹುದು. ಈ ಜನರೊಡನೆ ಮಾತಾಡಬೇಕಾದರೆ ಇವರು ಏನನ್ನು ಹಾಡುತ್ತಾರೆ, ಏನನ್ನು ನಂಬುತ್ತಾರೆ ಎಂದು ತಿಳಿದಿರಬೇಕು ಎನ್ನುವುದು ಅಲ್ಲಿದ್ದ ತರ್ಕ.

ಕಿಟೆಲ್ ಈ ದಾರಿಯಲ್ಲಿ ಇನ್ನೂ ಮುಂದೆ ಹೋದರು. ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮಗನಾದ ಅವರು ಶಾಲೆಯಲ್ಲೇ ಹಲವು ಭಾಷೆಗಳನ್ನು ಕಲಿತಿದ್ದರು. ಧಾರವಾಡ ಸೀಮೆಗೆ ಬಂದ ಮೇಲೆ ಅವರ ಹೆಚ್ಚಿನ ಹೊತ್ತು ಕನ್ನಡದ ಕಲಿಕೆಗೇ ಹೋಯಿತು. ಪಂಡಿತರ ಮುಂದೆ ಕುಳಿತು ಹಳಗನ್ನಡ ಓದಿದರು, ಹಳ್ಳಿಗಳಲ್ಲಿ ಗಾದೆಗಳನ್ನೂ ಆಡುಮಾತನ್ನೂ ಕೇಳಿ ಬರೆದುಕೊಂಡರು. 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ‘ಕಥಾಮಾಲೆ’ ಎಂದು ಬರೆದರು. ಯುರೋಪಿನ ರಾಗಗಳಿಗೆ ಕನ್ನಡ ಪದ ಜೋಡಿಸುವುದು ಸುಲಭವಿತ್ತು. ಅವರು ಹಿಡಿದದ್ದು ಕಷ್ಟದ ದಾರಿ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಗಳನ್ನು ಸಂಪಾದಿಸಿದರು.

ಅವರ ಈ ಆಸಕ್ತಿ ಮಿಷನ್ನಿನಲ್ಲಿ ಎಲ್ಲರಿಗೂ ಹಿಡಿಸಲಿಲ್ಲ. ಕಳುಹಿಸಿದ್ದು ಪ್ರಚಾರಕ್ಕೆ, ಮಾಡುತ್ತಿರುವುದು ಪಾಂಡಿತ್ಯ ಎಂಬ ಅಸಮಾಧಾನವಿತ್ತು. ವಿಧೇಯತೆಯನ್ನೇ ಮೊದಲ ಗುಣವೆಂದು ಕಲಿಸಿದ ಮನೆಯಿಂದ ಬಂದವರಿಗೆ ಇದು ಸಣ್ಣ ಸಂಕಟವಲ್ಲ. ಮನೆಯಲ್ಲೂ ದುಃಖ ಕಾದಿತ್ತು. ಪತ್ನಿ ಪೌಲೀನ್ ಮದುವೆಯಾದ ನಾಲ್ಕು ವರ್ಷಕ್ಕೆ, 1864ರಲ್ಲಿ ತೀರಿಕೊಂಡರು. 1877ರಲ್ಲಿ ಕಿಟೆಲ್ ಜರ್ಮನಿಗೆ ಮರಳಿದರು. ನಿಘಂಟಿನ ಕೆಲಸ ಅಲ್ಲಿ ಕುಳಿತು ಮುಗಿಯುವಂಥದ್ದಲ್ಲ ಎನಿಸಿ 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಭಾರತಕ್ಕೆ ಬಂದರು. ಅಂತೂ ಗ್ರಂಥ ಹೊರಬಂತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡ ವ್ಯಾಕರಣ ಗ್ರಂಥ ಪ್ರಕಟವಾದ 1903ರಲ್ಲೇ ಅವರು ನಿಧನರಾದರು.

ಬಾಸೆಲ್ ಕಮಿಟಿ ಬಯಸಿದ ಫಲ ಕನ್ನಡ ನಾಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ಬರಲಿಲ್ಲ. ಬಹುಪಾಲು ಜನ ತಮ್ಮ ಧರ್ಮದಲ್ಲೇ ಉಳಿದರು. ಆದರೆ ಶಾಲೆಗೆ ಮಕ್ಕಳನ್ನು ಕಳುಹಿಸಿದರು, ಪುಸ್ತಕ ಕೊಂಡರು, 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಕಾರ್ಖಾನೆಯ ಹಂಚುಗಳನ್ನು ಮನೆಗಳಿಗೆ ಹೊದಿಸಿದರು. ಹೇಳಲು ಬಂದವರಿಗಿಂತ ಕಲಿಯಲು ಕುಳಿತವರೇ ಈ ನಾಡಿನಲ್ಲಿ ಹೆಚ್ಚು ಕಾಲ ನೆನಪಿನಲ್ಲಿ ಉಳಿದದ್ದು ಆಕಸ್ಮಿಕವಲ್ಲ.

ಎದುರು ದಿಕ್ಕಿನಲ್ಲಿ ಹೊರಟವರು

ಬಾಸೆಲ್ಲಿನ ಆ ಶಾಲೆಯಲ್ಲಿ ಮಂಗಳೂರಿನ ಹುಡುಗನೊಬ್ಬನೂ ಓದಿದ್ದ. 1825ರಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯ ಸಾರಸ್ವತ ಬ್ರಾಹ್ಮಣ ಮನೆತನದವರು. ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ಇನ್ನಿಬ್ಬರೊಡನೆ ಅವರು ಕ್ರೈಸ್ತರಾದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ನಡೆಯಿತು. ಇಂಗ್ಲಿಷ್ ಕಲಿಯಲೆಂದು ಕಳುಹಿಸಿದ ಮಗ ಮನೆಯನ್ನೇ ಬಿಟ್ಟನಲ್ಲ ಎಂದು ಹೆತ್ತವರು ನೊಂದರು. ಒಂದು ಊರಿನಲ್ಲಿ ತ್ಯಾಗವೆಂದು ಹೊಗಳಿಸಿಕೊಳ್ಳುವ ಕೆಲಸ ಇನ್ನೊಂದು ಊರಿನ ಮನೆಯಲ್ಲಿ ನಷ್ಟವಾಗಿರುತ್ತದೆ ಎಂಬುದನ್ನು ಬಾಸೆಲ್ಲಿನ ಪಠ್ಯಕ್ರಮ ಕಲಿಸಿರಲಿಲ್ಲ.

1846ರಲ್ಲಿ ಮೊಗ್ಲಿಂಗ್ ಜೊತೆ ಬಾಸೆಲ್‌ಗೆ ಹೋದ ಕೌಂಡಿನ್ಯರು ಐದು ವರ್ಷ ಅಲ್ಲಿ ಅಭ್ಯಾಸ ಮಾಡಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಮರಳಿದರು. ಮಂಗಳೂರಿನ ಸೆಮಿನರಿಯಲ್ಲಿ ಸ್ಥಳೀಯ ಉಪದೇಶಕರಿಗೆ ಪಾಠ ಹೇಳಿದರು. ಜರ್ಮನ್ ಸಹಪಾಠಿಗಳಿಗೆ ಭಾರತ ಹೇಗೆ ಪರದೇಶವೋ ಹಾಗೆ ಅವರಿಗೆ ಬಾಸೆಲ್ ಪರದೇಶ. ಮರಳಿ ಬಂದಾಗ ಹುಟ್ಟಿದ ಊರೂ ಅರ್ಧ ಪರದೇಶವಾಗಿತ್ತು.

ಎದುರು ದಿಕ್ಕಿನ ಪ್ರಯಾಣ ಮಿಷನರಿಗಳ ಮಕ್ಕಳದ್ದೂ ಹೌದು. ಶಾಲೆಗೆ ಸೇರುವ ವಯಸ್ಸು ಬಂದೊಡನೆ ಅವರನ್ನು ಯುರೋಪಿಗೆ ಕಳುಹಿಸುವುದು ಪದ್ಧತಿ. ಅಂಥ ಮಕ್ಕಳಿಗಾಗಿ ಬಾಸೆಲ್ಲಿನಲ್ಲಿ 1853ರಲ್ಲಿ ಒಂದು ವಸತಿಗೃಹವನ್ನೇ ತೆರೆಯಲಾಯಿತು. ತಂದೆ ತಾಯಿ ಸಾವಿರಾರು ಮೈಲಿ ಆಚೆ, ಮಕ್ಕಳು ಹಾಸ್ಟೆಲಿನಲ್ಲಿ. ಮಲಯಾಳ ನಿಘಂಟಿನ ಕರ್ತೃ ಹರ್ಮನ್ ಗುಂಡರ್ಟ್‌ರ ಮಗಳು ಮೇರಿ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದವಳು. ಎಳೆಯ ಪ್ರಾಯದಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಬರಲಾಯಿತು. ಅವಳು ಮತ್ತೆ ಭಾರತ ಕಂಡದ್ದು ಹದಿಹರೆಯದಲ್ಲಿ, 1857ರಲ್ಲಿ. ಮುಂದೆ ಆಕೆ ಮಂಗಳೂರಿನಲ್ಲಿ ಕೆಲಸ ಮಾಡಿದ್ದ ಮಿಷನರಿ ಯೋಹಾನ್ನೆಸ್ ಹೆಸ್ಸೆಯನ್ನು ಮದುವೆಯಾದರು. 1922ರಲ್ಲಿ ‘ಸಿದ್ಧಾರ್ಥ’ ಕಾದಂಬರಿ ಬರೆದ, 1946ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಹರ್ಮನ್ ಹೆಸ್ಸೆ ಅವರ ಮಗ.

ದೇವರ ಕೆಲಸಕ್ಕಾಗಿ ಮಕ್ಕಳನ್ನು ದೂರವಿಟ್ಟದ್ದು ಸರಿಯೇ ತಪ್ಪೇ ಎಂದು ಇಂದು ತೀರ್ಪು ಕೊಡುವುದು ಸುಲಭ. ಮಕ್ಕಳ ಆರೋಗ್ಯ ಮತ್ತು ವಿದ್ಯೆಗಾಗಿಯೇ ಹೀಗೆ ಮಾಡುತ್ತಿದ್ದೇವೆ ಎಂದು ಆ ತಾಯಂದಿರು ನಂಬಿದ್ದರು. ಆದರೆ ಬೆಲೆ ತೆತ್ತವರಲ್ಲಿ, ತಮ್ಮ ಒಪ್ಪಿಗೆಯನ್ನು ಯಾರೂ ಕೇಳದಿದ್ದ ಮಕ್ಕಳೂ ಇದ್ದರು ಎಂಬುದು ಮರೆಯುವ ಸಂಗತಿಯಲ್ಲ.

ಇಂದಿನವರಿಗೆ ಇದರಲ್ಲೇನಿದೆ?

ಕಾಲಚಕ್ರ ತಿರುಗಿದೆ. 2001ರಲ್ಲಿ ಬಾಸೆಲ್ ಮಿಷನ್ ಇತರ ಸಂಸ್ಥೆಗಳೊಡನೆ ಸೇರಿ ‘ಮಿಷನ್ 21’ ಆಯಿತು. ಒಂದು ಕಾಲಕ್ಕೆ ಪಾದ್ರಿಗಳನ್ನು ಇಲ್ಲಿಗೆ ಕಳುಹಿಸುತ್ತಿದ್ದ ಜರ್ಮನಿಯಲ್ಲಿ ಈಗ ಪಾದ್ರಿಗಳ ಕೊರತೆ. ಅಲ್ಲಿನ ಅನೇಕ ಕ್ಯಾಥೊಲಿಕ್ ಚರ್ಚುಗಳಲ್ಲಿ ಭಾರತದಿಂದ ಹೋದ ಪಾದ್ರಿಗಳು ಸೇವೆ ಮಾಡುತ್ತಿದ್ದಾರೆ. ಅವರೂ ಮೊದಲು ಜರ್ಮನ್ ಕಲಿಯಬೇಕು. ಪುಸ್ತಕದ ಜರ್ಮನ್ ಕಲಿತು ಹೋದವರಿಗೆ ಹಳ್ಳಿಯ ಅಜ್ಜಿಯ ಆಡುಮಾತು ಅರ್ಥವಾಗಲು ಮತ್ತೆ ಕಾಲ ಬೇಕು. ಹೊರದೇಶಗಳ ಕೇಂದ್ರಗಳಿಗೆ ಹೋಗುವ ರಾಮಕೃಷ್ಣ ಆಶ್ರಮದ ಸನ್ಯಾಸಿಗಳಿಗೂ ವರ್ಷಗಟ್ಟಲೆ ಬ್ರಹ್ಮಚರ್ಯದ ತರಬೇತಿ ಮುಗಿದ ಮೇಲೆಯೇ ಅಂಥ ಅವಕಾಶ. ಯಾವ ಧರ್ಮವೇ ಆಗಲಿ, ಹೊರಡುವವನನ್ನು ಅವಸರದಲ್ಲಿ ಕಳುಹಿಸುವುದಿಲ್ಲ.

ಧರ್ಮಪ್ರಚಾರಕ್ಕೆ ಹೋಗುವವರು ಕೆಲವರೇ. ಹೊರದೇಶಕ್ಕೆ ಹೋಗುವ ವಿದ್ಯಾರ್ಥಿಗಳು ಸಾವಿರಾರು ಮಂದಿ. ಪರೀಕ್ಷೆಯ ಅಂಕ, ವೀಸಾ, ಬ್ಯಾಂಕ್ ಸಾಲ, ಸೂಟ್‌ಕೇಸಿನ ತೂಕ ಇವೆಲ್ಲಕ್ಕೂ ಪಟ್ಟಿ ಇರುತ್ತದೆ. ಭಾಷೆಯ ಪರೀಕ್ಷೆ ಪಾಸಾದ ಪ್ರಮಾಣಪತ್ರವೂ ಇರುತ್ತದೆ. ಇವು ಬಾಸೆಲ್ಲಿನ ಗ್ರೀಕ್, ಹೀಬ್ರೂಗಳಿದ್ದ ಹಾಗೆ. ಇಲ್ಲದಿದ್ದರೆ ಹೊರಡಲಾಗದು, ಆದರೆ ಅಲ್ಲಿನ ಬದುಕಿಗೆ ಅಷ್ಟೇ ಸಾಲದು. ಆ ದೇಶದ ಜನ ಏನನ್ನು ಓದುತ್ತಾರೆ, ಯಾವುದಕ್ಕೆ ನಗುತ್ತಾರೆ, ಯಾವ ಮಾತಿಗೆ ನೋಯುತ್ತಾರೆ ಎಂಬುದನ್ನು ಹೋದ ಮೇಲೆ ಅವರಿಂದಲೇ ಕಲಿಯಬೇಕು. ಊರಿನ ಗೆಳೆಯರ ಜೊತೆಗೇ ಕೋಣೆ ಮಾಡಿಕೊಂಡು, ಊರಿನ ಅಡುಗೆಯನ್ನೇ ಉಂಡು, ಊರಿನ ಸುದ್ದಿಯನ್ನೇ ಆಡುತ್ತ ನಾಲ್ಕು ವರ್ಷ ಕಳೆದು ಬರುವವರಿಗೆ ಡಿಗ್ರಿ ಸಿಗಬಹುದು, ದೇಶ ಸಿಗುವುದಿಲ್ಲ.

ಮಗನನ್ನೋ ಮಗಳನ್ನೋ ಕಳುಹಿಸುವ ಪಾಲಕರು ಹೊರಡುವ ಮೊದಲು ಒಂದೆರಡು ವಿಷಯಗಳನ್ನು ಮಕ್ಕಳೊಡನೆ ಕುಳಿತು ಮಾತಾಡುವುದು ಒಳ್ಳೆಯದು. ಹೋಗುವ ಆಸೆ ಯಾರದು, ಮಕ್ಕಳದೋ ಮನೆಯವರದೋ? ಅಲ್ಲಿ ಓದಿನ ದಾರಿ ಬೇರೆ ಕಡೆಗೆ ತಿರುಗಿದರೆ, ಎಂಜಿನಿಯರ್ ಆಗಲು ಹೋದವನು ಇನ್ನೇನನ್ನೋ ಹಿಡಿದರೆ, ಮನೆ ಅದನ್ನು ತಾಳಿಕೊಳ್ಳುತ್ತದೆಯೇ? ಬೇಸರವಾದಾಗ, ಸೋತಾಗ, ಮರಳಿ ಬರಲು ಬಾಗಿಲು ತೆರೆದಿದೆಯೇ? ಬಾಸೆಲ್ಲಿನಿಂದ ಹೊರಟ ಹುಡುಗರಿಗೆ ಮರಳುವುದು ಸುಲಭವಿರಲಿಲ್ಲ. ಇಂದಿನ ಮಕ್ಕಳಿಗೆ ವಿಮಾನವಿದೆ, ಫೋನಿದೆ. ಆದರೂ ‘ಬರಬಹುದು’ ಎಂಬ ಮಾತನ್ನು ಮನೆಯವರು ಬಾಯಿಬಿಟ್ಟು ಹೇಳಿರಬೇಕು. ಆ ಮಾತು ಜೊತೆಗಿದ್ದರೆ ಗೊತ್ತಿಲ್ಲದ ಊರಿನಲ್ಲಿ ನಿಂತು, ‘ನನಗೆ ತಿಳಿಯದು, ಹೇಳಿಕೊಡಿ’ ಎಂದು ಕೇಳುವ ಧೈರ್ಯ ಮಕ್ಕಳಿಗೆ ಬರುತ್ತದೆ.